ಬಾಟಲಿಗಿಲ್ಲದ ಮೈಲಿಗೆ

"ನಂದಲ್ಲ ಕಣಮ್ಮ ಈ ಉಚ್ಚೆ!" ಎಂದು ಚಿಕ್ಕರಸಿನಕೆರೆ ಕಡೆಯ ಯಜಮಾನರೊಬ್ಬರು ಕೂಗಿದಾಗ, ಮದ್ದೂರಿನ ನಮ್ಮ ಲ್ಯಾಬಿನ ಬೆಂಚಿನಲ್ಲಿ ಕೂತಿದ್ದವರೆಲ್ಲ ತಲೆ ಎತ್ತಿದರು.

ವಿಮೆಯ ಪರೀಕ್ಷೆಗೆಂದು ಅವರು ತಂದುಕೊಟ್ಟಿದ್ದ ಬಾಟಲಿಯ ಮೇಲೆ ಅವರದೇ ಹೆಸರಿತ್ತು. ಮೂತ್ರದಲ್ಲಿ ಸಕ್ಕರೆ ಇರಲಿಲ್ಲ. ಆದರೆ ಸೋರಬಾರದ ಪ್ರೋಟೀನು ಸೋರುತ್ತಿತ್ತು. "ಬೇಗ ಕಿಡ್ನಿ ತೋರಿಸಿಕೊಳ್ಳಿ" ಎಂದು ನಾನು ಹೇಳಿದ್ದಷ್ಟೇ, ಅವರು ಬೆವೆತು ಎಲ್ಲವನ್ನೂ ಕಕ್ಕಿದರು. ತಮಗೆ ಸಕ್ಕರೆ ಕಾಯಿಲೆ ಇರುವುದು ವಿಮೆಯವರಿಗೆ ತಿಳಿಯಬಾರದೆಂದು, ಗದ್ದೆ ಕೆಲಸದ ನಿಂಗಯ್ಯನವರ ಮೂತ್ರವನ್ನು ತಮ್ಮದೆಂದು ತಂದುಕೊಟ್ಟಿದ್ದರಂತೆ. ಎಂಥಾ ಬುದ್ಧಿವಂತಿಕೆ!

"ಹಾಗಾದ್ರೆ ಅವರನ್ನ ಕಳಿಸಿ" ಎಂದೆ.

"ಅವ್ನಿಗೇನಾಗದೆ? ಗುಂಡ್ಕಲ್ ಇದ್ದಂಗವ್ನೆ, ಬುಡು" ಎಂದು ರಿಪೋರ್ಟನ್ನು ಅಲ್ಲೇ ಬಿಸಾಕಿ, ಬೆವರು ಒರೆಸಿಕೊಂಡು ಕಾರು ಹತ್ತಿದರು. ಕಿಡ್ನಿ ತಮ್ಮದಲ್ಲ ಎಂದು ನೆನಪಾದ ಕೂಡಲೇ ಅದು ಕಾಯಿಲೆಯೇ ಅಲ್ಲ ಎಂದಾಗಿಬಿಟ್ಟಿತ್ತು.

ನನಗೆ ಸುಮ್ಮನಿರಲು ಆಗಲಿಲ್ಲ. ಆ ಊರಿನಿಂದ ಬಂದಿದ್ದ ಹೆಂಗಸೊಬ್ಬರ ಕೈಲಿ ಹೇಳಿ ಕಳಿಸಿದೆ. ಎರಡು ದಿನ ಬಿಟ್ಟು ನಿಂಗಯ್ಯ ಬಸ್ಸಿನಲ್ಲಿ ಬಂದರು. ಎರಡೂ ಪಾದ ಊದಿಕೊಂಡಿದ್ದವು. ಮತ್ತೆ ಪರೀಕ್ಷಿಸಿದೆ, ಅದೇ ಫಲಿತಾಂಶ. ಡಾಕ್ಟರಿಂದ ಮಂಡ್ಯದ ದೊಡ್ಡಾಸ್ಪತ್ರೆಗೆ ಚೀಟಿ ಬರೆಸಿಕೊಟ್ಟೆ.

ಹೋಗುವಾಗ ಅವರು ಬಾಗಿಲಲ್ಲಿ ನಿಂತು ನಕ್ಕಿದ್ದು ಇನ್ನೂ ಕಣ್ಣಮುಂದಿದೆ. "ನಾನು ನೀರು ಕುಡಿಯೋ ಲೋಟವ ಹಿತ್ಲಲ್ಲಿ ಬ್ಯಾರೆ ಇಕ್ಕವ್ರೆ, ಆ ಮನೇಲಿ ಒಬ್ರೂ ಮುಟ್ಟಕಿಲ್ಲ. ಆ ಬಾಟ್ಲಿಯ ಮಾತ್ರ ಯಜಮಾನ್ರೇ ಕೈನೀಡಿ ಇಸ್ಕಂಡು, ಎದೆ ಜೇಬಲ್ಲಿ ಮಡಿಕಂಡ್ರು ಕಣವ್ವ!"