ನಮ್ಮ ಗ್ರೌಂಡಿಗೆ ಬಂದ ತಂಡ

ಶಿಡ್ಲಘಟ್ಟದ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಹೇಳಿ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸುಸ್ತಾಗುತ್ತದೆ. ಗೆದ್ದ ಕಪ್ಪುಗಳಿಲ್ಲ, ದೊಡ್ಡವರ ಪಕ್ಕ ನಿಂತು ತೆಗೆಸಿಕೊಂಡ ಫೋಟೋಗಳೂ ಇಲ್ಲ. ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆಯೊಂದರ ಕೆಲಸಗಾರರು ನಾವು, ಭಾನುವಾರ ಸೇರಿ ಚೆಂಡು ಒದ್ದೆವು, ಅಷ್ಟೇ. ನಮ್ಮ ತಾಯಿಯಂತೂ ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ ಎಂದು ದಿನಾ ಹಂಗಿಸುತ್ತಿದ್ದಳು.

ಕ್ರಿಕೆಟ್ ಯಾಕೆ ಆಡಲಿಲ್ಲ ಎಂದು ಈಗಿನವರು ಕೇಳುತ್ತಾರೆ. ಬಿಸಿನೀರಿನ ಬೇಸಿನ್ನಿನಲ್ಲಿ ದಿನವಿಡೀ ಕೈಯಾಡಿಸಿ ಗೂಡಿನ ಎಳೆ ಹುಡುಕುವವನ ಬೆರಳುಗಳು ಹೇಗಿರುತ್ತವೆ ಎಂದು ಅವರು ನೋಡಿಲ್ಲ. ಚರ್ಮ ಬೆಂದು ಬಿಳಿಚಿ, ಉಪ್ಪು ಮುಟ್ಟಿದರೂ ಉರಿಯುತ್ತಿತ್ತು. ಅಂಥ ಕೈಯಲ್ಲಿ ಕ್ರಿಕೆಟ್ ಬಾಲ್ ಹಿಡಿಯಲು ಆಗುತ್ತದೆಯೇ? ಕಾಲುಗಳು ಮಾತ್ರ ನೆಟ್ಟಗಿದ್ದವು, ಅದಕ್ಕೇ ಫುಟ್‌ಬಾಲ್. ಗೋಲ್‌ಕೀಪರ್ ಕೆಲಸವನ್ನು ಒಲೆಗೆ ಸೌದೆ ಹಾಕುವವನಿಗೇ ಕೊಟ್ಟಿದ್ದೆವು, ನಮ್ಮಲ್ಲಿ ಕೈ ಗಟ್ಟಿ ಇದ್ದವನು ಅವನೊಬ್ಬನೇ.

ಕ್ಲಬ್ಬನ್ನು ಕಟ್ಟಿದವನು ನನ್ನ ಪಕ್ಕದ ಬೇಸಿನ್ನಿನಲ್ಲಿ ಕೂರುತ್ತಿದ್ದ ಗೆಳೆಯ. ಅವನದು ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ನನ್ನ ಜೊತೆ ಜಗಳಕ್ಕೆ ಕನ್ನಡ. ಮೊದಲ ಕ್ಯಾಪ್ಟನ್ನೂ ಅವನೇ. ಅವನಿಗೆ ಇದ್ದದ್ದು ಒಂದೇ ಆಸೆ: ಬೇರೆ ಊರಿನ ತಂಡ ನಮ್ಮ ಗ್ರೌಂಡಿಗೆ ಬರಬೇಕು, ನಮ್ಮ ಬೀದಿಯವರು, ಅದರಲ್ಲೂ ಅವನ ಹೆಂಡತಿ, ಕಣ್ಣಾರೆ ಆಟ ನೋಡಬೇಕು. ಭಾನುವಾರ ಫುಟ್‌ಬಾಲ್ ಎಂದು ಹೇಳಿ ಎಲ್ಲೋ ತಿರುಗಲು ಹೋಗುತ್ತಾನೆ ಎಂದೇ ಆಕೆ ನಂಬಿದ್ದರು.

ಗ್ರೌಂಡ್ ಎಂದರೆ ಕಾರ್ಖಾನೆಯ ಹಿಂದಿನ ಬಯಲು. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಸತ್ತ ಹುಳುಗಳನ್ನು ವಾರವೆಲ್ಲ ಅಲ್ಲಿ ಒಣಗಲು ಹರಡುತ್ತಿದ್ದರು. ನಾವು ಕಲ್ಲಿನಂಥ ನೆಲ ಅಗೆದು ಗೋಲ್ ಕಂಬ ನೆಟ್ಟೆವು. ಒಮ್ಮೆ ಗೌರಿಬಿದನೂರಿನ ತಂಡವೊಂದು ಬರಲು ಒಪ್ಪಿತು. ನಮಗೆ ಹಬ್ಬ. ಬೆಳಿಗ್ಗೆಯೇ ಹುಳುಗಳನ್ನೆಲ್ಲ ಗುಡಿಸಿ ಅಂಚಿಗೆ ತಳ್ಳಿದೆವು. ಬಂದವರಿಗೆ ಧೂಳು ಏಳಬಾರದಲ್ಲ, ಬೇಸಿನ್ನುಗಳಲ್ಲಿ ನಿಂತಿದ್ದ ಹಿಂದಿನ ದಿನದ ನೀರನ್ನೇ ಬಕೆಟ್ಟುಗಳಲ್ಲಿ ತಂದು ಮೈದಾನದ ತುಂಬ ಚಿಮುಕಿಸಿದೆವು. ಮನೆಯ ಮುಂದೆ ಸಾರಣೆ ಮಾಡಿದ ಹಾಗೆ ಕಾಣುತ್ತದೆ ಎಂದು ನಾನೇ ಹೊಗಳಿದ್ದೆ.

ಗೌರಿಬಿದನೂರಿನವರು ಗೇಟು ದಾಟಿ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. ಒಬ್ಬ ಗೋಡೆ ಹಿಡಿದು ವಾಂತಿ ಮಾಡಿದ. “ಅಣ್ಣ, ಇಲ್ಲಿ ಹೆಂಗೆ ಆಡೋದು? ಏನೋ ಕೊಳೆತೈತೆ” ಎಂದರು. ನಮಗೆ ನಿಜಕ್ಕೂ ಅರ್ಥವಾಗಲಿಲ್ಲ. ನಾಯಿ ಸತ್ತಿರಬಹುದೆಂದು ಬೇಲಿಯೆಲ್ಲ ಹುಡುಕಿದೆವು. ಅವರು ಮೂಗು ಮುಚ್ಚಿಕೊಂಡೇ ವಾಪಸ್ಸು ಬಸ್ಸು ಹತ್ತಿದರು. ಸೋಲುವ ಭಯಕ್ಕೆ ನಾಟಕ ಆಡಿದರೆಂದು ನಾವು ಅವರನ್ನು ಬೈದೆವು. ಆದರೆ ಸುದ್ದಿ ಸುತ್ತಮುತ್ತ ಹರಡಿತು, ಮತ್ತೆ ಯಾವ ತಂಡವೂ ನಮ್ಮಲ್ಲಿಗೆ ಬರಲಿಲ್ಲ. ಚಿಂತಾಮಣಿ, ಕೈವಾರ, ಚಿಕ್ಕಬಳ್ಳಾಪುರ ಎಂದು ನಾವೇ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಆಡಿದೆವು, ಸೋತು ಸುಣ್ಣವಾಗಿ ಬಂದೆವು.

ಆಮೇಲೆ ತಾನೇ ತಾನಾಗಿ ಎಳೆ ಹಿಡಿಯುವ ಯಂತ್ರಗಳು ಊರಿಗೆ ಬಂದವು. ಅಂಥ ಯಂತ್ರ ಹಾಕುವ ಶಕ್ತಿ ನಮ್ಮ ಮಾಲೀಕರಿಗೆ ಇರಲಿಲ್ಲ, ಕಾರ್ಖಾನೆ ಮುಚ್ಚಿತು. ಕೆಲಸ ಬಿಟ್ಟ ಕೆಲವು ತಿಂಗಳಿಗೆ ನಾನು ಬೇರೊಂದು ಕಾರ್ಖಾನೆಯ ಮುಂದೆ ಹಾದುಹೋಗುವಾಗ ಕೊಳೆತ ಹುಳುವಿನ ನಾತಕ್ಕೆ ಮೂಗು ಮುಚ್ಚಿಕೊಂಡೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಕ್ಕಳು. “ನೀವು ಬಾಗ್ಲಿಗ್ ಬರೋಕ್ ಮುಂಚೆ ನಿಮ್ ವಾಸ್ನೆ ಒಳಗ್ ಬರ್ತಿತ್ತು. ಹೇಳಿದ್ರೆ ಏನ್ ಮಾಡ್ತಿದ್ರಿ, ಕೆಲ್ಸ ಬಿಡ್ತಿದ್ರಾ?” ನನಗೆ ಬಹಳ ನಾಚಿಕೆಯಾಯಿತು. ಗೌರಿಬಿದನೂರಿನವರ ಮೇಲಿನ ಸಿಟ್ಟು ಅವತ್ತಿಗೆ ಹೋಯಿತು.

ಈ ವರ್ಷ ಗೆಳೆಯ ಹಟ ಹಿಡಿದ. ಬಯಲು ಮಳೆಗೆ ತೊಳೆದು ಹುಲ್ಲು ಬಂದಿದೆ, ಈಗಾದರೂ ಕರೆಯೋಣ ಎಂದ. ಬೇಸಿನ್ನಿನ ಉಗಿ ಕುಡಿದು ಕುಡಿದು ಅವನ ಎದೆ ಈಗ ಕುಲುಮೆಯ ತಿದಿಯ ಹಾಗೆ ಸದ್ದು ಮಾಡುತ್ತದೆ. ಇಲ್ಲ ಅನ್ನಲು ನನಗೆ ಮನಸ್ಸು ಬರಲಿಲ್ಲ. ಚಿಂತಾಮಣಿಯ ತಂಡ ಒಪ್ಪಿಕೊಂಡು ಬಂದೂ ಬಂತು. ಬರಬೇಕಾದ ನಮ್ಮವರೇ ಬರಲಿಲ್ಲ. ಒಬ್ಬನಿಗೆ ಆಟೋ ಬಾಡಿಗೆ, ಇನ್ನೊಬ್ಬನಿಗೆ ಮಾರ್ಕೆಟ್ಟಿನಲ್ಲಿ ಮೂಟೆ, ಮತ್ತೊಬ್ಬನಿಗೆ ಮಂಡಿ ನೋವು. ಬಂದವರನ್ನು ಎಣಿಸಿದರೆ ಅರ್ಧ ತಂಡ. ಚಿಂತಾಮಣಿಯ ಹುಡುಗರು ಒಳ್ಳೆಯವರು, ತಮ್ಮಲ್ಲಿ ಹೆಚ್ಚಿಗೆ ಇದ್ದವರನ್ನು ನಮಗೆ ಕೊಟ್ಟರು. ನಮ್ಮ ನೀಲಿ ಅಂಗಿ ತೊಡಿಸಿದೆವು.

ಗೆಳೆಯನ ಹೆಂಡತಿ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ಇವರಲ್ಲಿ ನಿಮ್ಮವರು ಯಾರು ಎಂದು ಗಂಡನನ್ನು ಉರ್ದುವಿನಲ್ಲಿ ಕೇಳಿದರು. ಅಷ್ಟು ಉರ್ದು ನನಗೂ ಬರುತ್ತದೆ. ನೀಲಿ ಅಂಗಿಯವರೆಲ್ಲ ನಮ್ಮವರೇ ಎಂದ ಅವನು, ಕಣ್ಣು ಮಿಟುಕಿಸದೆ. ಅವರು ತಲೆಯಾಡಿಸಿ ಕೊನೆಯವರೆಗೂ ನೋಡಿದರು. ನಾವು ಸೋತೆವು, ಅಥವಾ ಚಿಂತಾಮಣಿಯವರು ಚಿಂತಾಮಣಿಯವರಿಗೇ ಸೋತರು.

ಆಟ ಮುಗಿದ ಮೇಲೆ ಅವರ ಕ್ಯಾಪ್ಟನ್ ಬಂದು ಕೇಳಿದ. “ಅಂಕಲ್, ಗ್ರೌಂಡ್ ಸೂಪರಾಗಿದೆ. ನಮ್ ಗ್ರೌಂಡಲ್ಲಿ ಲೇಔಟ್ ಆಗ್ತಿದೆ. ಪ್ರತಿ ಭಾನ್ವಾರ ಇಲ್ಲೇ ಬಂದು ಪ್ರಾಕ್ಟೀಸ್ ಮಾಡ್ಬೋದಾ?”

“ಬನ್ರಪ್ಪ, ಬನ್ನಿ. ಮಾಲೀಕ್ರು ಮಾರೋವರ್ಗೂ ಆಡ್ಕೊಳಿ” ಎಂದುಬಿಟ್ಟ ಗೆಳೆಯ, ನಾನು ಬಾಯಿ ತೆರೆಯುವ ಮುಂಚೆಯೇ.

ನನಗೆ ಮೈಯೆಲ್ಲ ಉರಿಯಿತು. ಅವರು ಬಸ್ಸು ಹತ್ತುವವರೆಗೆ ತಡೆದುಕೊಂಡಿದ್ದೆ. ಆಮೇಲೆ ತಡೆಯಲಾಗಲಿಲ್ಲ. “ಯಾರನ್ನ ಕೇಳಿ ಒಪ್ಕೊಂಡೆ ನೀನು? ಕ್ಲಬ್ ಅಂತ ಒಂದು ಇದೆ ಕಣೋ.”

ಅವನು ಉಸಿರು ಸುಧಾರಿಸಿಕೊಳ್ಳಲು ಗೋಡೆಗೆ ಒರಗಿದ. “ಪೋನೀರಾ” ಎಂದ ತೆಲುಗಿನಲ್ಲಿ, ಹೋಗಲಿ ಬಿಡೋ ಅನ್ನುವ ಹಾಗೆ. ಆಮೇಲೆ ಕನ್ನಡದಲ್ಲಿ, “ಕ್ಲಬ್ಬಲ್ಲಿ ಯಾರಿದಾರಪ್ಪ ಕೇಳೋಕೆ? ನೀನಿದೀಯ. ಸರಿ, ಈಗ ಕೇಳ್ತೀನಿ. ಬರ್ಲಾ ಅವ್ರು, ಬೇಡ್ವಾ?”

ಬರಲಿ ಎಂದೆ.