ಮಂದಿ ಗಂಡನಿಗೆ ಹೇಳಿದ ಒಡಪು

ಬೈಲಹೊಂಗಲದಲ್ಲಿ, ನಡೆಯಲಾರದ ಮಕ್ಕಳ ವ್ಯಾಯಾಮ ಕೇಂದ್ರವೊಂದರಲ್ಲಿ ಕರೆವ್ವ ಆಯಾ. ಹುಟ್ಟಿನಿಂದ ಕಾಲು ಸೆಟೆದ ಮಕ್ಕಳನ್ನು ಚಾಪೆಯ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಕೇಂದ್ರ ನಡೆಸುವ ಮಂಜುಳಾ ಮೇಡಂ ಕಲಿಸಿದ ಹಾಗೆ ಕಾಲು ಮಡಚಿ ಬಿಡಿಸುವುದು ಅವಳ ಕೆಲಸ. ಮೊದಲು ಹತ್ತಿ ಜಿನ್ನಿನಲ್ಲಿ ದುಡಿಯುತ್ತಿದ್ದಳು. ಯಂತ್ರಗಳ ಗದ್ದಲ ಮೀರಿಸಿ ಮಾತಾಡಿ ಮಾತಾಡಿ ದನಿ ದೊಡ್ಡದಾಗಿತ್ತು. ಕೇಂದ್ರಕ್ಕೆ ಬಂದ ಹೊಸದರಲ್ಲಿ ಅವಳು "ಬಾ ನನ್ನ ಬಂಗಾರಾ" ಎಂದರೆ ಮಕ್ಕಳು ಬೆಚ್ಚಿ ಅಳುತ್ತಿದ್ದವು. ಈಗ ಆ ದನಿ ಕೇಳದಿದ್ದರೆ ಅಳುತ್ತವೆ.

ಮನೋಳಿ ಕಡೆಯ ಮಕ್ಕಳನ್ನು ಕರೆತರುವುದು ಅವಳ ಗಂಡ ಲಕ್ಕಪ್ಪನ ಮೂರು ಗಾಲಿಯ ಟಂಟಂ. ಅದರಲ್ಲಿ ಬರುವವರಲ್ಲಿ ಎಲ್ಲರಿಗಿಂತ ಚಿಕ್ಕವಳು ಪ್ರಣಿತಾ. ಆ ಬೇಸಿಗೆಯಲ್ಲಿ ಅವಳು ಮೊದಲ ಸಲ ಕಬ್ಬಿಣದ ಕಂಬಿ ಹಿಡಿದು ನಿಂತಿದ್ದಳು. ನಿಂತವಳು ತನ್ನ ಪಾದಗಳನ್ನೇ ಯಾರದೋ ಎಂಬಂತೆ ನೋಡುತ್ತಿದ್ದಳು.

ಆದರೆ ಟಂಟಮ್ಮಿನ ಡೀಸೆಲ್ಲಿಗೆ ದುಡ್ಡಿರಲಿಲ್ಲ. ಮಂಜುಳಾ ಆನ್‌ಲೈನಿನಲ್ಲಿ ಕೇಂದ್ರದ ಪುಟ ತೆರೆದು, ತಾಯಂದಿರನ್ನು ಕೇಳಿ ಮಕ್ಕಳ ಫೋಟೊ ಹಾಕಿ, ದೇಣಿಗೆ ಬೇಡಿದ್ದಳು. ಮೊದಲ ತಿಂಗಳು ಎಲ್ಲೆಲ್ಲಿಂದಲೋ ಬಂತು. ಆಮೇಲೆ ನಿಂತಿತು. ಹೀಗೇ ಆದರೆ ಮುಂದಿನ ತಿಂಗಳು ಮನೋಳಿಗೆ ಗಾಡಿ ಹೋಗುವುದಿಲ್ಲ. ವ್ಯಾಯಾಮ ಬಿಟ್ಟರೆ ಪ್ರಣಿತಾಳ ಕಾಲು ಮತ್ತೆ ಸೆಟೆಯುತ್ತದೆ. ಅದನ್ನು ಕರೆವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ, ಅವಳ ಕೈಗೇ ಗೊತ್ತಿತ್ತು.

ಬೆಳಗಾವಿಯಲ್ಲಿ ದೇಣಿಗೆ ಕೂಡಿಸುವ ಒಂದು ತರಬೇತಿ ಮುಗಿಸಿ ಬಂದ ಮಂಜುಳಾ ಹೇಳಿದಳು: "ಕರೆವ್ವಕ್ಕ, ನಾವು ಒಮ್ಮೆ ಇಸಕೊಂಡು ಸುಮ್ಮನ ಕುಂತೇವಿ. ನಿಮ್ಮ ರೊಕ್ಕದಿಂದ ಕೂಸು ಏನ ಮಾಡಾಕ ಹತ್ತೈತಿ ಅಂತ ಕೊಟ್ಟವರಿಗೆ ತಿಳಸಬೇಕು. ಆಮ್ಯಾಲೆ ತಿಂಗಳಾ ತಿಂಗಳಾ ಸ್ವಲ್ಪ ಸ್ವಲ್ಪ ಕೊಡ್ರಿ ಅಂತ ಕೇಳಬೇಕು. ನಿಮ್ಮ ದನಿಯೊಳಗ ಹೇಳ್ರಿ. ವಾಟ್ಸಾಪಿನ್ಯಾಗ ಕಳಸೂಣು."

"ರಸೀದಿ ಕಳಸೀರಲ್ಲರಿ?"

"ರಸೀದಿ ಕೇಳಿ ಯಾರಿಗೆ ಕಣ್ಣಾಗ ನೀರ ಬರತಾವ?"

ಮಂಜುಳಾ ಒಂದು ಚೀಟಿ ಬರೆದುಕೊಟ್ಟಳು. ಅದರಲ್ಲಿದ್ದ 'ಹೃತ್ಪೂರ್ವಕ' ಎಂಬ ಮಾತಿಗೆ ಕರೆವ್ವನ ನಾಲಿಗೆ ತೊಡರಿ ಬಿತ್ತು. ಚೀಟಿಯನ್ನು ಎಣ್ಣೆ ಬಟ್ಟಲಿನ ಕೆಳಗಿಟ್ಟು ತನಗೆ ಬಂದಂತೆ ಹೇಳತೊಡಗಿದಳು. ಹೆಂಗಸರಿಗೆ ಹೇಳುವುದು ಸಲೀಸಾಯಿತು. "ಅಕ್ಕಾರ, ನಿಮ್ಮ ಕೂಸು ಇವತ್ತ ಕಂಬಿ ಹಿಡದು ನಿಂತೈತ್ರಿ" ಎಂದರೆ ಮುಗಿಯಿತು. ಆಮೇಲೆ ರಾಮದುರ್ಗದ ಸೀರೆ ಅಂಗಡಿಯ ಮಹಾಂತಪ್ಪನ ಸರದಿ ಬಂತು. ಎಲ್ಲರಿಗಿಂತ ಹೆಚ್ಚು ಕೊಟ್ಟಿದ್ದವರು ಅವರೇ. ನಾಲ್ಕು ಮಂದಿ ಕೇಳುವಂತೆ ಒಬ್ಬ ಗಂಡಸಿನ ಹೆಸರು ಹೇಳಬೇಕೆಂದರೆ ಕರೆವ್ವನಿಗೆ ಗೊತ್ತಿದ್ದದ್ದು ಒಂದೇ ದಾರಿ, ಒಡಪು. ಗಂಡನ ಹೆಸರನ್ನು ಸುಮ್ಮನೆ ಬಾಯಿಬಿಟ್ಟು ಹೇಳದ ಹೆಂಗಸರು, ಮದುವೆ, ಬಸುರಿಗೆ ಮಾಡುವ ಕುಬಸಗಳಲ್ಲಿ ಪ್ರಾಸ ಕಟ್ಟಿ ಹೇಳುವ ಎರಡು ಸಾಲು ಅದು. ಫೋನು ಬಾಯಿಗೆ ಹಿಡಿದದ್ದೇ ತಡ, ನಾಲಿಗೆ ತಾನಾಗಿ ಹೊರಳಿತು:

"ಹೊಲಕ್ಕ ಚಂದ ಬಿಳಿಜ್ವಾಳಾ, ಜ್ವಾಳಕ್ಕ ಚಂದ ತೆನಿ,
ಮನೋಳಿ ಕೂಸು ನಡೀಲಂತ ಮಹಾಂತಪ್ಪನವರ ಹೆಸರ ಹೇಳತೇನಿ."

ಮಂಜುಳಾ "ಅಯ್ಯ ಅಕ್ಕಾ!" ಎನ್ನುವಷ್ಟರಲ್ಲಿ ಕರೆವ್ವ ಫೋನಿನ ಮೇಲಿಂದ ಬೆರಳು ಎತ್ತಿದ್ದಳು. ಮೆಸೇಜು ರಾಮದುರ್ಗ ಮುಟ್ಟಿತ್ತು.

ಸಂಜೆ ಸುದ್ದಿ ಕೇಳಿ ಲಕ್ಕಪ್ಪ ನಕ್ಕು ನಕ್ಕು ಸುಸ್ತಾದ. "ಮಗನ ಮದವ್ಯಾಗ ಒಂದ ಒಡಪ ಹೇಳ ಅಂತ ಎಷ್ಟ ಗೋಗರದ್ನಿ, ಬಾಯಿ ಬಿಡಲಿಲ್ಲ. ರಾಮದುರ್ಗದ ಸಾವಕಾರಗ ಪುಕ್ಕಟ ಹೇಳೀಯಲ್ಲ!"

"ಪುಕ್ಕಟ ಎಲ್ಲೀದು? ನಿಮ್ಮ ಡೀಸೆಲ್ಲಿಗೇ ಹೇಳೀನಿ," ಎಂದಳು ಕರೆವ್ವ. ಆದರೆ ರೊಟ್ಟಿ ತಟ್ಟುವ ಕೈ ನಡುನಡುವೆ ನಿಲ್ಲುತ್ತಿತ್ತು.

ಮರುದಿನ ರಾಮದುರ್ಗದ ಬಸ್ಸಿನಿಂದಿಳಿದು ನೇರವಾಗಿ ಕೇಂದ್ರಕ್ಕೆ ಬಂದವರು ಮಹಾಂತಪ್ಪನ ಹೆಂಡತಿ ಭಾಗೀರಥಿ.

"ಯಾರವಾ ಇಲ್ಲೆ ಕರೆವ್ವ ಅನ್ನಾಕಿ?"

"ನಾನ ರೀ ಅವ್ವಾರ. ಕುಂದರ್ರಿ."

"ಕುಂದ್ರಾಕ ಬಂದಿಲ್ಲ. ನನ್ನ ಗಂಡನ ಹೆಸರು ಒಡಪಿನ್ಯಾಗ ಹಾಕಾಕ ನೀ ಯಾರು? ಅವರರ ಎಂಥಾ ಶಾಣ್ಯಾರು! ಗಿರಾಕಿ ಮುಂದ ಫೋನ್ ಹಚ್ಚಿ ಕೇಳಸ್ಯಾರ. ಸೀರಿ ಆರಸಾಕ ಬಂದವರು 'ಸಾವಕಾರ್ತೀ, ಬೈಲಹೊಂಗಲದಾಗ ಸವತಿ ಅದಾಳೇನು' ಅಂತಾರ. ಇನ್ನ ನಮ್ಮ ಮನಿಯಿಂದ ಒಂದ ಪೈಸಾ ಬರಂಗಿಲ್ಲ."

ಕರೆವ್ವನ ಕಣ್ಣು ಕಂಬಿಯ ಕಡೆ ಹೋಯಿತು. ಅಲ್ಲಿ ಪ್ರಣಿತಾ ಜಗಳವನ್ನು ಬಾಯಿತೆರೆದು ನೋಡುತ್ತಾ ನಿಂತಿದ್ದಳು.

"ತಪ್ಪಾತ್ರಿ ಅವ್ವಾರ. ಗಂಡಸರ ಹೆಸರು ಮಂದ್ಯಾಗ ಹೇಳೂದಂದ್ರ ನನಗ ಅದೊಂದ ಗೊತ್ತ್ರಿ. ಆ ಹೆಸರಿನ ಒಡಪು ನಿಮ್ಮದು, ನನ್ನದಲ್ಲ. ನೀವ ಹೇಳ್ರಿ. ನನ್ನದು ಕೇಳಿದ ಮಂದಿ ಎಲ್ಲಾ ನಿಮ್ಮದೂ ಕೇಳಲಿ."

"ನನಗೇನ ಬರೂದಿಲ್ಲ ಅಂತ ತಿಳದೀಯೇನು?"

"ಬಂದ್ರ ಹೇಳ್ರಿ ಮತ್ತ!"

ಭಾಗೀರಥಿ ಸೆರಗು ಸರಿಮಾಡಿಕೊಂಡರು. ಮಗುವಿನ ಕಡೆ ನೋಡಿ, "ಇದ ಆ ಕೂಸೇನು?" ಎಂದು ಕೇಳಿದರು. ಹೌದೆಂದಾಗ ಗಂಟಲು ಸಡಿಲಿಸಿ, ಮಂಜುಳಾ ಚಾಚಿದ ಫೋನಿಗೆ ಹೇಳಿದರು:

"ಬೆಲ್ಲಾ ಹಾಕಿ ಕುದಿಸೀನಿ ಗೋದಿ ಹುಗ್ಗಿ,
ಮಹಾಂತಪ್ಪನವರ ಹೆಸರ ಹೇಳತೇನಿ ಎಲ್ಲಾರ ಮುಂದ ಹಿಗ್ಗಿ."

ಅವರನ್ನೇ ಕೇಳಿ ಮಂಜುಳಾ ಅದನ್ನು ಕೊಟ್ಟವರೆಲ್ಲರ ಗುಂಪಿಗೆ ಹಾಕಿದಳು, ಪುಟದ ಮೇಲೂ ಹಾಕಿದಳು. ಸವದತ್ತಿಯಿಂದ ಒಬ್ಬಾಕೆ "ಇದೇನ ಒಡಪು, ನಂದ ಕೇಳ್ರಿ" ಎಂದು ಕಳಿಸಿದಳು. ಪುಣೆಯಲ್ಲಿರುವ ಈ ಸೀಮೆಯ ಸೊಸೆ ಮರಾಠಿ ಬೆರೆಸಿ ಹೇಳಿದಳು. ಗಂಡಸರೂ ಹೆಂಡತಿಯರ ಹೆಸರಿಗೆ ಪ್ರಾಸ ಹುಡುಕಿ ಸೋತರು. ಕೇಳಿದವರು ನಕ್ಕು ಇನ್ನೊಬ್ಬರಿಗೆ ಕಳಿಸಿದರು, ಅವರು ಪುಟ ತೆರೆದು ನೋಡಿದರು. ಪ್ರತಿ ಒಡಪಿನ ಕೆಳಗೆ ಮಕ್ಕಳ ಆ ವಾರದ ಸುದ್ದಿ ಇರುತ್ತಿತ್ತು. ತಿಂಗಳಿಗಿಷ್ಟೆಂದು ಕೊಡಲು ಒಪ್ಪಿದವರು ಒಬ್ಬೊಬ್ಬರಾಗಿ ಕೂಡಿದರು. ಭಾಗೀರಥಿ ಫೋನು ಮಾಡಿ, "ತಿಂಗಳಾ ಕೊಡೂದು ನನ್ನ ಹೆಸರಿಗೆ ಹಚ್ಚವಾ. ಮೆಸೇಜೂ ನನಗ ಬರಲಿ. ಅವರಿಗೆ ಕಳಸಬ್ಯಾಡ, ಮೊದಲ ಹಿಗ್ಗಿ ತಲಿ ಮ್ಯಾಲೆ ಕುಂತಾರ," ಎಂದರು.

ಹೊಸ ತಿಂಗಳ ಮೊದಲ ಸೋಮವಾರ ಮನೋಳಿಯ ದಾರಿಯ ಧೂಳು ಹೊತ್ತು ಟಂಟಂ ಬಂತು. ಕರೆವ್ವ ಪ್ರಣಿತಾಳನ್ನು ಇಳಿಸಿಕೊಂಡು, ಕಂಬಿಯ ಬಳಿ ನಿಲ್ಲಿಸಿ, ಭಾಗೀರಥಿಗೆ ಮೆಸೇಜು ಹಚ್ಚಿದಳು. ಪ್ರಾಸ ಹುಡುಕಲಿಲ್ಲ.

"ಅವ್ವಾರ, ಗಾಡಿ ಬಂತು, ಕೂಸೂ ಬಂತು. ತಡೀರಿ, ನಾ ಏನ ಹೇಳಲಿ, ನೀವ ಕೇಳ್ರಿ."

ಮಂಡಿಯೂರಿ ಕುಳಿತು, ಆ ದೊಡ್ಡ ದನಿಯ ಹೆಂಗಸು ಬಾಯಿ ಮುಚ್ಚಿಕೊಂಡು, ಫೋನನ್ನು ನೆಲಕ್ಕೆ ಹತ್ತಿರ ಹಿಡಿದಳು. ಪ್ರಣಿತಾಳ ಪಾದ ನೆಲ ಸವರುತ್ತಾ ಮುಂದೆ ಬಂತು. ಅದರ ಹಿಂದೆ ಇನ್ನೊಂದು.