ಪರದೆಯ ಮೇಲಿನ ಗುಡ್ಡ

ಆ ಮಧ್ಯಾಹ್ನ ಗೋಕಾಕದ ನಮ್ಮ ಮನೆಯ ಪಡಸಾಲೆಯ ತುಂಬ ಅಪ್ಪ ಬಣ್ಣ ಹಚ್ಚಿದ ಹಳೆಯ ನಾಟಕದ ಪರದೆ ಹಾಸಿಕೊಂಡಿತ್ತು. ದೊಡ್ಡ ನೀಲಿ ಗುಡ್ಡ, ಅದರ ಬುಡದಲ್ಲೊಂದು ಹೊಳೆ, ಹೊಳೆಯ ದಂಡೆಗೆ ಹೂಬಳ್ಳಿ. ಸಣ್ಣವಳಿದ್ದಾಗ ಬೇಸಿಗೆಯಲ್ಲಿ ನಾನು ಇದರ ಮೇಲೆಯೇ ಮಲಗುತ್ತಿದ್ದೆ. ಕಣ್ಣು ಅರೆ ಮುಚ್ಚಿದರೆ ಹೊಳೆ ಹರಿಯುತ್ತಿತ್ತು. ಮಸಗುಪ್ಪಿಯ ಅಜ್ಜಿಯ ಮನೆ ಆ ಗುಡ್ಡದ ಹಿಂದೆಯೇ ಇದೆ ಎಂದು ಬಹಳ ದಿನ ನಂಬಿದ್ದೆ.

ಅಪ್ಪ ತೀರಿಕೊಂಡ ಮೇಲೆ ಉಳಿದದ್ದು ಇದೊಂದೇ ಪರದೆ. ಯಮಕನಮರಡಿಯ ನಾಟಕದ ಮಂದಿ ಅದನ್ನು ಒಯ್ದು ತಮ್ಮ ಸಭಾಗೃಹದಲ್ಲಿ ತೂಗುಹಾಕುವವರಿದ್ದರು. ಕೆಳಗೆ ಅಂಟಿಸಲು ಒಂದು ಸಾಲು ಬರೆದಿಡಿ ಎಂದಿದ್ದರು. ಶಾಲೆಯಲ್ಲಿ ಚಿತ್ರಕಲೆ ಕಲಿಸುವ ನನಗೆ ಆ ಒಂದು ಸಾಲೇ ತೋಚಲಿಲ್ಲ.

ಬೇಸತ್ತು ಮೊಬೈಲ್ ತೆರೆದೆ. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಚಿತ್ರಕಾರನೊಬ್ಬನ ಮನೆಯನ್ನು ಹಾಗೆಯೇ ಕಾದಿಟ್ಟಿದ್ದಾರೆ. ಅದನ್ನು ಒಬ್ಬಾಕೆ ಇಂಗ್ಲಿಷ್ ವಿಡಿಯೊದಲ್ಲಿ ಸುತ್ತಾಡಿಸಿ ತೋರಿಸುತ್ತಿದ್ದಳು. ಕಿಟಕಿಯ ತುಂಬ ನದಿ, ಗೋಡೆಯ ತುಂಬ ಬೆಟ್ಟ, ಬೆಟ್ಟದ ಮೇಲೆ ಕಾಸಿದ ಬೆಣ್ಣೆಯಂಥ ಬಿಸಿಲು. ಆಗ ಅಲ್ಲಿ ಹೆಂಗಸರಿಗೆ ಹೂವು ಹಣ್ಣು ಸಾಕು, ಬೆಟ್ಟ ಗಂಡಸರ ಪಾಲು ಎನ್ನುತ್ತಿದ್ದರಂತೆ. ಎಂಥ ಜನವಪ್ಪಾ ಎಂದು ನಕ್ಕೆ. ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದ ಅವ್ವನಿಗೆ ಎಲ್ಲವನ್ನೂ ಕನ್ನಡ ಮಾಡಿ ಹೇಳತೊಡಗಿದೆ. ನಮ್ಮ ಕಡೆ ಚಿತ್ರವನ್ನು ಬರೆಯುವುದಿಲ್ಲ, ತೆಗೆಯುತ್ತೇವೆ.

"ಇದನ್ನ ನೋಡಬೇ. ಗುಡ್ಡದ ತುದೀ ಮ್ಯಾಲೆ ಕುಂತು ತಗದಾನ."

ವಿಡಿಯೊದವಳ ಮರುಮಾತಿಗೇ ಸಿಕ್ಕಿಬಿದ್ದೆ. ಅದು ಆ ಚಿತ್ರಕಾರನ ತಂಗಿ ತೆಗೆದ ಚಿತ್ರವಂತೆ. ಇಂಗ್ಲಿಷಿನ ಕ್ರಿಯಾಪದ ಗಂಡೋ ಹೆಣ್ಣೋ ಎಂದು ಬಾಯಿ ಬಿಡುವುದಿಲ್ಲ. ನಮ್ಮದಕ್ಕೆ ಬಿಡದೆ ಗತಿಯಿಲ್ಲ.

"ತಪ್ಪಾತು. ತಗದಾಳ."

ಅವ್ವನ ಕೈ ನಿಂತಿತು. "ಇನ್ನೊಮ್ಮೆ ಅನ್ನು."

"ತಗದಾಳ."

ಅವಳು ಉಡಿಯ ಶೇಂಗಾ ಸಿಪ್ಪೆ ಕೊಡವಿ ಪರದೆಯ ಕಡೆ ತಿರುಗಿದಳು. ಬೆಳಕಿಂಡಿಯ ಬಿಸಿಲು ಹೊಳೆಯನ್ನು ದಾಟಿ ಗುಡ್ಡ ಹತ್ತುತ್ತಿತ್ತು.

"ಈ ಪರದೇಕ ನಾನೂ ಕೈ ಹಚ್ಚೇನಿ," ಎಂದಳು.

ಇಷ್ಟು ವರ್ಷ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. "ಹೂಬಳ್ಳಿ ನಿಂದೇನಬೇ?"

"ಹೂಬಳ್ಳಿ ನಿಮ್ಮಪ್ಪಂದು. ಅವಂಗ ಹೂವಿನ ಹುಚ್ಚು. ಗುಡ್ಡಾ ನಂದು. ಕಚ್ಚೀ ಹಾಕ್ಕೊಂಡು, ಕಸಬರಿಗೀಲೆ ಬಣ್ಣಾ ಬಡದೇನಿ."

ಅಮೆರಿಕದವರನ್ನು ನೋಡಿ ನಕ್ಕ ನಾನೇ ಹೂವಿನ ಪಾಲು ತಂದು ಅವ್ವನ ಉಡಿಗೆ ಹಾಕಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಮತ್ತ ಯಾಕ ಹೇಳಲಿಲ್ಲ?"

"ಯಾರು ಕೇಳ್ಯಾರ?"

ಹೊರಗೆ ಯಮಕನಮರಡಿಯವರ ಗಾಡಿ ನಿಂತ ಸದ್ದಾಯಿತು. ಗಡಿಬಿಡಿಯಲ್ಲಿ ಒಂದು ಸಾಲು ಗೀಚಿ ಓದಿ ಹೇಳಿದೆ: ಈ ಪರದೆಯನ್ನು ಗಂಡ ಹೆಂಡತಿ ಇಬ್ಬರೂ ಕೂಡಿ ಬರೆದಿದ್ದಾರೆ.

ಅವ್ವ ತಲೆಯಾಡಿಸಿದಳು. "ಬರೆದಿದ್ದಾರೆ ಬ್ಯಾಡ. ಆ ದೊಡ್ಡ ಮಾತಿನಾಗ ಗಂಡು ಹೆಣ್ಣು ಕಾಣೂದಿಲ್ಲ, ನಾ ಮತ್ತ ನಿಮ್ಮಪ್ಪನ ಹಿಂದ ನಿಲ್ತೇನಿ. ನನಗ ಮಾನಾ ಕೊಡೂದು ಬ್ಯಾಡ. ಗುಡ್ಡಾ ಆಕಿ ತಗದಾಳ ಅಂತ ಬರಿ."